ಕೈ ಎತ್ತಿದರೆ ಮಾತ್ರ ಹಿಂಸೆಯೇ?

“ಕುಡಿಯಲ್ಲ, ಹೊಡೆಯಲ್ಲ. ಇನ್ನೇನಮ್ಮಾ ಬೇಕು ನಿನಗೆ?” ಈ ಮಾತು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಬ್ರಿಟನ್ನಿನಲ್ಲಿ 1951ರಿಂದ ಬರುತ್ತಿರುವ ಬಿಬಿಸಿ ರೇಡಿಯೊ ಧಾರಾವಾಹಿ ‘ದಿ ಆರ್ಚರ್ಸ್’ನ ರಾಬ್ ಕೂಡ ಹಾಗೆಯೇ, ಊರಿಗೆಲ್ಲ ಸಜ್ಜನ. ಮನೆಯಲ್ಲಿ ಮಾತ್ರ ಹೆಂಡತಿ ಹೆಲೆನ್ ಹಾಕುವ ಬಟ್ಟೆ, ಓಡಿಸುವ ಕಾರು, ಗೆಳತಿಯ ಸಂಗ ಎಲ್ಲಕ್ಕೂ ಅವನದೇ ಅಪ್ಪಣೆ.

2016ರ ಏಪ್ರಿಲ್‌ನಲ್ಲಿ, ಗರ್ಭಿಣಿ ಹೆಲೆನ್ ಅವನನ್ನು ಚಾಕುವಿನಿಂದ ಇರಿದೇಬಿಟ್ಟಳು. ಅವನು ಬದುಕಿದ. ಸೆಪ್ಟೆಂಬರ್‌ನ ವಿಚಾರಣೆಯಲ್ಲಿ ಒಂದೊಂದೇ ಸಂಗತಿ ಬಯಲಾಗಿ, ಜ್ಯೂರಿ ಅವಳನ್ನು ನಿರ್ದೋಷಿ ಎಂದಿತು. ಅಷ್ಟರಲ್ಲಿ, ಬಂಧನದಲ್ಲಿದ್ದಾಗಲೇ ಅವಳಿಗೆ ಹೆರಿಗೆಯಾಗಿತ್ತು.

ಅಲ್ಲಿಯವರೆಗೆ ಯಾಕೆ ಕಾಯಬೇಕು? ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬೈಗುಳ, ಅವಮಾನ, ಮನೆ ಖರ್ಚಿಗೆ ಹಣ ಕೊಡದಿರುವುದನ್ನೂ ಹಿಂಸೆ ಎನ್ನುತ್ತದೆ. ನಂಬಿಕಸ್ಥರೊಬ್ಬರ ಹತ್ತಿರ ಇವತ್ತೇ ಬಾಯಿಬಿಡಿ. ಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.