ಹಸಿರೆಲ್ಲ ಆರೋಗ್ಯವಲ್ಲ: ನೆಲದ ಸ್ವಾಸ್ಥ್ಯವನ್ನು ಅಳೆಯುವ ಬಗೆ

ಹಸಿರಾಗಿ ಕಾಣುವ ನೆಲವೆಲ್ಲ ಆರೋಗ್ಯವಾಗಿದೆ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಆಳವಾಗಿ ಬೇರೂರಿದೆ. ಆದರೆ ಲಂಟಾನ ಮುತ್ತಿದ ಕಾಡಂಚೂ ಮಳೆ ಬಿದ್ದೊಡನೆ ಕಾಂಗ್ರೆಸ್ ಗಿಡ ಆವರಿಸುವ ಬಯಲೂ ದೂರದಿಂದ ಹಚ್ಚಹಸಿರಾಗಿಯೇ ತೋರುವುದರಿಂದ, ಒಂದು ನೆಲದ ಸ್ವಾಸ್ಥ್ಯವನ್ನು ಅರಿಯಲು ಕಣ್ಣಂದಾಜು ಸಾಲದು, ಎಣಿಕೆ ಬೇಕು. ಹುಲ್ಲು, ಸಣ್ಣ ಗಿಡಗಳಿರುವಲ್ಲಿ ಪರಿಸರವಿಜ್ಞಾನಿಗಳು ಸಾಮಾನ್ಯವಾಗಿ ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು, ಅಂದರೆ ಕ್ವಾಡ್ರಾಟನ್ನು, ತಮಗೆ ಬೇಕಾದ ಜಾಗವನ್ನು ಆರಿಸಿಕೊಳ್ಳದೆ ಹಲವು ಕಡೆ ಇಟ್ಟು, ಅದರೊಳಗೆ ಯಾವ ಪ್ರಭೇದದ ಗಿಡಗಳು ಎಷ್ಟೆಷ್ಟಿವೆ ಎಂದು ದಾಖಲಿಸುತ್ತಾರೆ.

ಈ ಎಣಿಕೆಯನ್ನು ಒಂದೇ ಅಂಕಿಯಾಗಿಸುವ ಪ್ರಸಿದ್ಧ ಸೂತ್ರವು ದೂರವಾಣಿ ಸಂಸ್ಥೆಯೊಂದರ ಪ್ರಯೋಗಾಲಯದಿಂದ ಬಂದದ್ದೆಂಬುದು ವಿಜ್ಞಾನದ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್, ಸಂದೇಶವೊಂದರಲ್ಲಿ ಮುಂದಿನ ಅಕ್ಷರ ಯಾವುದೆಂಬ ಅನಿಶ್ಚಿತತೆಯನ್ನು ಅಳೆಯಲು 1948ರಲ್ಲಿ ಪ್ರಕಟಿಸಿದ ಸೂತ್ರವನ್ನು, 1950ರ ದಶಕದಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್, ರಾಮೋನ್ ಮಾರ್ಗಲೆಫ್ ಮೊದಲಾದವರು ಜೀವಸಮುದಾಯಗಳಿಗೆ ಅನ್ವಯಿಸಿದರು. ಅಕ್ಷರದ ಜಾಗದಲ್ಲಿ ಪ್ರಭೇದವನ್ನು ಇಟ್ಟರೆ, ಕಣ್ಣುಮುಚ್ಚಿ ಮುಟ್ಟಿದ ಗಿಡ ಯಾವುದೆಂದು ಊಹಿಸುವುದು ಎಷ್ಟು ಕಷ್ಟವೋ ಆ ನೆಲ ಅಷ್ಟು ವೈವಿಧ್ಯಮಯವೆಂದು ತಿಳಿಯಬೇಕು.

ಎರಡು ತಾಕುಗಳಲ್ಲಿ ತಲಾ 100 ಗಿಡಗಳೂ 10 ಪ್ರಭೇದಗಳೂ ಇವೆಯೆಂದು ಭಾವಿಸೋಣ. ಮೊದಲನೆಯದರಲ್ಲಿ ಪ್ರತಿ ಪ್ರಭೇದಕ್ಕೆ 10 ಗಿಡಗಳಿದ್ದರೆ ಶ್ಯಾನನ್ ಸೂಚ್ಯಂಕ ಸುಮಾರು 2.30 ಆಗುತ್ತದೆ, ಎರಡನೆಯದರಲ್ಲಿ ಒಂದೇ ಪ್ರಭೇದದ ಗಿಡಗಳು 91 ಇದ್ದು, ಉಳಿದ ಒಂಬತ್ತಕ್ಕೆ ಒಂದೊಂದೇ ಉಳಿದಿದ್ದರೆ ಅದು 0.50ಕ್ಕೆ ಕುಸಿಯುತ್ತದೆ. ಪ್ರಭೇದಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಎರಡೂ ಸಮಾನವೆನಿಸಿದರೂ, ಎರಡನೆಯ ತಾಕಿನ ವೈವಿಧ್ಯ ಸಮಪಾಲಿನ ಎರಡು ಪ್ರಭೇದಗಳಿರುವ ನೆಲದ ವೈವಿಧ್ಯವನ್ನೂ ಮುಟ್ಟುವುದಿಲ್ಲ.

ಆದರೂ ಈ ಅಂಕಿಗೆ ಗಿಡಗಳ ಕುಲಗೋತ್ರ ತಿಳಿಯದು. ಹೊರಗಿನಿಂದ ಬಂದ ಕಳೆಯೊಂದು ಸೇರಿದರೂ ಸೂಚ್ಯಂಕ ಏರಬಹುದು. ಆದುದರಿಂದ ದೇಶೀಯ ಪ್ರಭೇದಗಳ ಪಾಲು, ಬರಿನೆಲದ ಪ್ರಮಾಣ, ಪೊದೆಗಳ ಹರವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಇರವು ಇವುಗಳನ್ನೂ ಜೊತೆಗಿಟ್ಟು, ಅದೇ ಬಗೆಯ ಸುಸ್ಥಿತಿಯ ನೆಲೆಯೊಂದಿಗೆ ಹೋಲಿಸಬೇಕಾಗುತ್ತದೆ. ಹುಲ್ಲುಗಾವಲನ್ನು ಕಾಡಿನ ಅಳತೆಗೋಲಿನಿಂದ ಅಳೆಯುವುದು ತಪ್ಪು. ಬಯಲುಸೀಮೆಯ ಹುಲ್ಲುಗಾವಲನ್ನು ಬಂಜರೆಂದು ಕರೆದು ಮರ ನೆಡುವ ಉತ್ಸಾಹಕ್ಕೆ ಮೂಲವೇ ಈ ತಪ್ಪು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪುಗಳು ವಿಸ್ತಾರವಾಗಿ ಹಬ್ಬಿವೆ; ದೂರದ ನೋಟ ಮತ್ತು ಓಟವನ್ನೇ ನಂಬಿ ಬದುಕುವ ಕೃಷ್ಣಮೃಗಕ್ಕಾದರೋ ಬೇಕಾದದ್ದು ತೆರೆದ ಬಯಲು. ಅಂಥ ನೆಲದಲ್ಲಿ ಸಸಿ ನೆಡಲು ಗುಂಡಿ ತೋಡುವ ಮುನ್ನ, ಆ ಹುಲ್ಲಿನ ಮೇಲೆ ಒಂದು ಮೀಟರ್ ಚೌಕಟ್ಟನ್ನಿಟ್ಟು ಮಂಡಿಯೂರಿ ಎಣಿಸುವುದು ಕರ್ತವ್ಯವೇ ಸರಿ.