ಬ್ಯಾಂಕು ನೋಡಲು ಊರಿಗೆ ಬರುವವರು ಮತ್ತು ಎಂಟನೇ ತರಗತಿಯ ಶೇಕಡಾ ಪಾಠ

ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು, ವಿದೇಶಿ ಹೂಡಿಕೆದಾರರು ಒಂದು ಬ್ಯಾಂಕಿನ ಷೇರು ಕೊಳ್ಳುವ ಮೊದಲು ಅದರ ಲೆಕ್ಕಪತ್ರ ಓದಿ ಸುಮ್ಮನಾಗುವುದಿಲ್ಲ. ಆ ಬ್ಯಾಂಕು ವ್ಯವಹಾರ ಮಾಡುವ ಊರುಗಳಿಗೆ ತಮ್ಮ ವಿಶ್ಲೇಷಕರನ್ನು ಕಳಿಸುತ್ತಾರೆ. ವಾರ್ಷಿಕ ವರದಿ ಕುಳಿತಲ್ಲೇ ಸಿಗುವಾಗ ಈ ತಿರುಗಾಟ ಏಕೆ? ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ಗಣಿತದ ಅಂಶ ಮತ್ತು ಛೇದಗಳ ಬಳಿಗೇ ಬಂದು ನಿಲ್ಲುತ್ತದೆ. ಅಭ್ಯಾಸ ಬೋಧನೆಯಲ್ಲಿ ಶೇಕಡಾ ಪಾಠಕ್ಕೆ ಲಾಭ-ನಷ್ಟ, ರಿಯಾಯಿತಿಯ ಲೆಕ್ಕಗಳ ಜೊತೆ ಇದನ್ನೂ ಬಳಸಿದೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಅದರ ವಿವರ ಇಲ್ಲಿದೆ.

ಮೊದಲು ಸಾಲ-ಠೇವಣಿ ಅನುಪಾತ. ಒಂದು ರಾಜ್ಯದ ಬ್ಯಾಂಕುಗಳಲ್ಲಿ ಜನರು ಇಟ್ಟ ಪ್ರತಿ 100 ರೂಪಾಯಿ ಠೇವಣಿಗೆ ಅಲ್ಲಿ ಎಷ್ಟು ರೂಪಾಯಿ ಸಾಲ ಕೊಡಲಾಗಿದೆ ಎಂಬುದನ್ನು ಇದು ಹೇಳುತ್ತದೆ. ತಮಿಳುನಾಡಿನಲ್ಲಿ ಇದು 100ನ್ನು ದಾಟುತ್ತದೆ. ಇಟ್ಟದ್ದಕ್ಕಿಂತ ಹೆಚ್ಚು ಕೊಡುವುದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೇರೆ ಕಡೆಯ ಠೇವಣಿ ಅಲ್ಲಿಗೆ ಹರಿಯುತ್ತದೆ ಎಂದರೆ ಸಾಕು. ಬಿಹಾರ ಮತ್ತು ಕೇರಳ ಎರಡರಲ್ಲೂ ಈ ಅನುಪಾತ ದೇಶದ ಸರಾಸರಿಗಿಂತ ಕಡಿಮೆ. ಕಾಗದದ ಮೇಲೆ ಎರಡೂ ಒಂದೇ ಬಗೆಯ ಮಾರುಕಟ್ಟೆಯಂತೆ ಕಾಣುತ್ತವೆ. ಆದರೆ ಕೇರಳದಲ್ಲಿ ಗಲ್ಫ್ ದೇಶಗಳಿಂದ ಬರುವ ಹಣದಿಂದ ಛೇದ ದೊಡ್ಡದಾಗಿದೆ. ಬಿಹಾರಕ್ಕೂ ವಲಸೆ ಹೋದವರ ಹಣ ಬರುತ್ತದೆ, ನಿಜ. ಅಲ್ಲಿ ಮುಖ್ಯ ಕಾರಣವೆಂದರೆ ದೊಡ್ಡ ಕೈಗಾರಿಕೆಗಳು ಕಡಿಮೆಯಾಗಿ ಅಂಶವೇ ಚಿಕ್ಕದಾಗಿರುವುದು. ಕೇರಳದ ಬ್ಯಾಂಕನ್ನು ನೋಡಲು ಹೋದವನು ಠೇವಣಿದಾರರ ಮಕ್ಕಳು ಎಲ್ಲಿ ದುಡಿಯುತ್ತಿದ್ದಾರೆ ಎಂದು ವಿಚಾರಿಸಬೇಕು. ಬಿಹಾರದಲ್ಲಾದರೆ ಸಾಲ ಕೇಳಿ ಬರುವವರು ಯಾರು, ಎಷ್ಟು ಜನ ಬರಿಗೈಯಲ್ಲಿ ಹಿಂತಿರುಗುತ್ತಾರೆ ಎಂದು ನೋಡಬೇಕು.

ಎರಡನೆಯದು ವಸೂಲಾಗದ ಸಾಲದ ಪ್ರಮಾಣ. ಕಂತು 90 ದಿನ ಮೀರಿ ಬಾಕಿ ಉಳಿದರೆ ಆ ಸಾಲವನ್ನು ಅನುತ್ಪಾದಕ ಎಂದು ಲೆಕ್ಕ ಹಾಕುತ್ತಾರೆ. ತರಗತಿಗೆ ಒಂದು ಕಾಲ್ಪನಿಕ ಬ್ಯಾಂಕನ್ನು ಕೊಟ್ಟೆ. ಮೊದಲ ವರ್ಷ ಒಟ್ಟು ಸಾಲ 200 ಕೋಟಿ, ಕೆಟ್ಟ ಸಾಲ 8 ಕೋಟಿ: ಶೇ. 4. ಮರುವರ್ಷ ಒಟ್ಟು ಸಾಲ 320 ಕೋಟಿ, ಕೆಟ್ಟ ಸಾಲ 9.6 ಕೋಟಿ: ಶೇ. 3. ಬ್ಯಾಂಕು ಸುಧಾರಿಸಿತೇ? ಬಹುತೇಕ ಎಲ್ಲ ಕೈಗಳೂ ‘ಹೌದು’ ಎಂದು ಮೇಲೆದ್ದವು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, ‘ಹೊಸ ಸಾಲ ಇನ್ನೂ ಈಗ ತಾನೇ ಕೊಟ್ಟಿದ್ದು ಅಲ್ವಾ ಸರ್?’ ಎಂದಳು. ವಿಷಯ ಅಲ್ಲೇ ಇದೆ. ಹೊಸ 120 ಕೋಟಿಯಲ್ಲಿ ಹೆಚ್ಚಿನದಕ್ಕೆ ಕೆಡುವಷ್ಟು ವಯಸ್ಸಾಗಿಲ್ಲ. ಕೆಟ್ಟದ್ದೆಲ್ಲ ಹಳೆಯ 200 ಕೋಟಿಯದೇ, ಅದು ಹಾಗೆಯೇ ಉಳಿದಿದೆ ಎಂದು ಹಿಡಿದರೆ ಪ್ರಮಾಣ ಶೇ. 4.8 ಆಗುತ್ತದೆ! ಕೆಟ್ಟ ಸಾಲ ಹೆಚ್ಚುತ್ತಿದ್ದರೂ ಛೇದ ಅದಕ್ಕಿಂತ ವೇಗವಾಗಿ ಬೆಳೆದರೆ ಶೇಕಡಾ ಇಳಿಯುತ್ತದೆ. ವಿಶ್ಲೇಷಕರು ಶಾಖೆಗೆ ಹೋದಾಗ ‘ಈ ಸಾಲಗಳು ಯಾವ ವರ್ಷದವು’ ಎಂದು ಕೇಳುವುದು ಇದಕ್ಕಾಗಿಯೇ.

ಭೇಟಿಗೂ ಒಂದು ಮಿತಿಯಿದೆ. ಬ್ಯಾಂಕು ತನ್ನ ಒಳ್ಳೆಯ ಶಾಖೆಗೇ ಕರೆದೊಯ್ಯುತ್ತದೆ. ತಪಾಸಣೆಯ ದಿನ ನಮ್ಮ ಶಾಲೆಗಳ ಗೋಡೆಗಳು ಹೇಗಿರುತ್ತವೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ, ಷೇರು ಬೆಲೆಯನ್ನು ಅಲುಗಾಡಿಸುವಂಥ ಪ್ರಕಟವಾಗದ ಮಾಹಿತಿಯನ್ನು ಒಬ್ಬ ಹೂಡಿಕೆದಾರನಿಗೆ ಮಾತ್ರ ಹೇಳುವುದನ್ನು ಸೆಬಿ ನಿಯಮ ತಡೆಯುತ್ತದೆ. ಹಾಗಾಗಿ ಅನುಭವಿಗಳು ಕರೆಯದ ಕಡೆಗೂ ಹೋಗುತ್ತಾರೆ: ಎದುರು ಬ್ಯಾಂಕಿನ ಶಾಖೆ, ಟ್ರ್ಯಾಕ್ಟರ್ ಷೋರೂಂ, ಚಿನ್ನದ ಮೇಲೆ ಸಾಲ ಕೊಡುವ ಅಂಗಡಿ, ಮಹಿಳಾ ಸಂಘದ ವಾರದ ಸಭೆ.

ವಾರದ ಸಭೆಗೆ ಹೋಗುವುದು ಎಷ್ಟು ಮುಖ್ಯ ಎಂಬುದಕ್ಕೆ 2010ರ ಆಂಧ್ರಪ್ರದೇಶ ಸಾಕ್ಷಿ. ಆ ವರ್ಷದ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರು ಪೇಟೆಗೆ ಬಂತು. ಅದು ಬ್ಯಾಂಕಲ್ಲ, ಕಿರುಸಾಲ ಸಂಸ್ಥೆ. ಆದರೆ ಪಾಠ ಒಂದೇ. ಮರುಪಾವತಿ ಶೇ. 99ರ ಆಸುಪಾಸು ಎಂಬುದು ಈ ಕ್ಷೇತ್ರದ ಹೆಮ್ಮೆಯಾಗಿತ್ತು. ಹಳ್ಳಿಗಳಲ್ಲಿ ಒಂದೇ ಮನೆಗೆ ಹಲವು ಸಂಸ್ಥೆಗಳ ಸಾಲವಿತ್ತು. ಒಂದರ ಕಂತಿಗೆ ಇನ್ನೊಂದರ ಸಾಲ ಒದಗುತ್ತಿತ್ತು. ವಸೂಲಿಯ ಕಿರುಕುಳ, ಸಾಲಗಾರರ ಆತ್ಮಹತ್ಯೆಗಳ ವರದಿಗಳ ನಂತರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಲ್ಲಿ ಮರುಪಾವತಿ ಬಹುಮಟ್ಟಿಗೆ ನಿಂತೇ ಹೋಯಿತು. ಸಂಸ್ಥೆಯ ಛೇದ ತಾನು ಕೊಟ್ಟ ಸಾಲ, ಮನೆಯ ಛೇದ ತಿಂಗಳ ಆದಾಯ. 99 ಎಂಬ ಅಂಕಿಯಲ್ಲಿ ಎರಡನೆಯದಕ್ಕೆ ಜಾಗವೇ ಇರಲಿಲ್ಲ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮ ಈ ಛೇದವನ್ನು ಒಳಗೆ ತಂದಿದೆ: ಕಿರುಸಾಲ ಪಡೆಯುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಶೇ. 50ನ್ನು ಮೀರಬಾರದು. ಆದರೂ 2025ರ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕವೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು.

ಈ ಶೇ. 50ರ ನಿಯಮ ಒಳ್ಳೆಯ ಲೆಕ್ಕವಾಗುತ್ತದೆ: ಆದಾಯ 16,000, ಈಗಿನ ಕಂತುಗಳು 6,500, ಹೊಸ ಕಂತು 1,800, ಸಾಲ ಕೊಡಬಹುದೇ? ಆದರೆ ಒಂದು ಎಚ್ಚರ ಬೇಕು. ಅಂಕಿಗಳು ಕಾಲ್ಪನಿಕವೇ ಆಗಿರಲಿ. ‘ನಿಮ್ಮ ಮನೆಯಲ್ಲಿ ಎಷ್ಟು ಸಾಲವಿದೆ’ ಎಂದು ಕೇಳಿ ಬರೆಸುವ ಚಟುವಟಿಕೆ ಆಕರ್ಷಕವೆನಿಸಬಹುದು, ಮಾಡಬಾರದು. ಎಂಟನೇ ತರಗತಿಯ ಮಗುವಿಗೆ ತಾಯಿಯ ಕಂತಿನ ವಾರ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಪಕ್ಕದ ಬೆಂಚಿಗೆ ತಿಳಿಸಬೇಕೆಂಬ ಒತ್ತಾಯ ನಮ್ಮದಾಗಬಾರದು.

ಪಾಠ ಯೋಜನೆಯಲ್ಲಿ ಇದನ್ನು ಅನ್ವಯ ಹಂತಕ್ಕೆ ಇಡುವುದು ಸರಿ, ಪರಿಚಯಕ್ಕಲ್ಲ. ಶೇಕಡಾ ಕಂಡುಹಿಡಿಯುವುದು ಕೈಗೆ ಬಂದಿರಬೇಕು. ಒಂದು ಅವಧಿ ಸಾಲದು. ಮೊದಲ ದಿನ ಎರಡು ರಾಜ್ಯಗಳ ಹೋಲಿಕೆ, ಮರುದಿನ ಕಾಲ್ಪನಿಕ ಬ್ಯಾಂಕು. ಸಾಮಗ್ರಿಗೆ ಬ್ಯಾಂಕುಗಳು ಹೂಡಿಕೆದಾರರಿಗೆಂದು ತಮ್ಮ ಜಾಲತಾಣದಲ್ಲಿ ಹಾಕುವ ತ್ರೈಮಾಸಿಕ ವಿವರಗಳು ಉಚಿತವಾಗಿ ಸಿಗುತ್ತವೆ. ಅದರ ಒಂದು ಪುಟ ಮುದ್ರಿಸಿ, ಪ್ರತಿ ಶೇಕಡಾ ಪಕ್ಕದಲ್ಲಿ ‘ಯಾವುದರ?’ ಎಂದು ಪೆನ್ಸಿಲಿನಿಂದ ಬರೆಸಿದರೆ ಎರಡನೇ ಅವಧಿಯ ಅರ್ಧ ಕಳೆಯುತ್ತದೆ.