ಹುಲ್ಲು ಒಣಗಿದ ಜಾಗ: ಶಾಲಾ ಅಂಗಳದಲ್ಲೊಂದು ಮಣ್ಣಿನ ಪಾಠ

ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯೊಂದರಲ್ಲಿ ಧ್ವಜಕಟ್ಟೆಯ ಸುತ್ತ ಹಾಕಿದ್ದ ಹುಲ್ಲುಹಾಸು ಎರಡನೆಯ ಸಲವೂ ಒಣಗಿತ್ತು. ‘ಸಸ್ಯಗಳಿಗೆ ನೀರು ಅಗತ್ಯ’ ಎಂಬ ಕಲಿಕಾಂಶಕ್ಕೆ ನಮ್ಮ ಪ್ರಶಿಕ್ಷಣಾರ್ಥಿ ಅದನ್ನೇ ಉದಾಹರಣೆಯಾಗಿ ತೋರಿಸಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ನಾವು ದಿನಾ ನೀರು ಹಾಕ್ತಿದ್ವಲ್ಲ?” ಎಂದಳು. ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಇದ್ದದ್ದು ಮಣ್ಣಿನಲ್ಲಿ.

ಪ್ರಾರ್ಥನೆ, ಕವಾಯತು, ಆಟ ಎಲ್ಲವೂ ನಡೆಯುವ ಅಂಗಳದ ಮಣ್ಣು ಕಾಲ್ತುಳಿತದಿಂದ ಗಟ್ಟಿಯಾಗುತ್ತದೆ. ಕಣಗಳ ನಡುವಿನ ಸಂದುಗಳು ಮುಚ್ಚಿಕೊಂಡಾಗ ಹಾಕಿದ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ ಇಲ್ಲವೆ ಆವಿಯಾಗುತ್ತದೆ. ಬೇರಿಗೆ ಗಾಳಿಯೂ ಸಿಗುವುದಿಲ್ಲ. ಅದೇ ಮಣ್ಣಿಗೆ ಮತ್ತೆ ಹುಲ್ಲು ನೆಟ್ಟರೆ ಫಲವೂ ಅದೇ.

ಇದನ್ನು ಹೇಳಿಕೊಡುವ ಬದಲು ಮಕ್ಕಳೇ ಅಳೆಯಲಿ. ಒಂದೇ ಅಳತೆಯ ಎರಡು ಪಿವಿಸಿ ಪೈಪಿನ ತುಂಡುಗಳನ್ನು, ಒಂದನ್ನು ಒಣಗಿದ ಜಾಗದಲ್ಲಿ, ಇನ್ನೊಂದನ್ನು ಹೂವಿನ ಪಾತಿಯಲ್ಲಿ ಸಮನಾದ ಆಳಕ್ಕೆ ಊರಿ, ತಲಾ 200 ಮಿ.ಲೀ. ನೀರು ಸುರಿಯಬೇಕು. ನೀರಿನ ಪ್ರಮಾಣವನ್ನು ಅದು ಇಂಗಲು ಹಿಡಿದ ನಿಮಿಷಗಳಿಂದ ಭಾಗಿಸಿದರೆ ಇಂಗುವ ದರ ದೊರೆಯುತ್ತದೆ. 20 ನಿಮಿಷ ಹಿಡಿದರೆ ನಿಮಿಷಕ್ಕೆ 10 ಮಿ.ಲೀ. ಅಳೆಯುವ ಮೊದಲು ಪ್ರತಿ ಗುಂಪೂ ತನ್ನ ಊಹೆಯನ್ನು ಬರೆದಿಡಲಿ.

ಕಾರಣ ತಿಳಿದ ಮೇಲೆ ಮಣ್ಣು ಹದಮಾಡುವ ಕೆಲಸ. ಮುಂಗಾರಿಗೆ ಮೊದಲು 20–25 ಸೆಂ.ಮೀ. ಆಳ ಅಗೆಯಬೇಕು, ಗುದ್ದಲಿ ಕೆಲಸ ದೊಡ್ಡವರದ್ದು. ಕಲ್ಲು, ಗಾರೆಚೂರು, ಜೇಕಿನ ಗಡ್ಡೆಗಳನ್ನು ಮಕ್ಕಳು ಆರಿಸಬಹುದು. ಮಣ್ಣು ಕೆಸರಾಗಿದ್ದಾಗ ಅಗೆದರೆ ಮತ್ತೆ ಹೆಂಟೆಗಟ್ಟುತ್ತದೆ. ಅಗೆದ ಜಾಗಕ್ಕೆ ನೀರು ಹಾಕಿ ಎರಡು ವಾರ ಬಿಟ್ಟರೆ ಉಳಿದ ಕಳೆ ಮೊಳೆಯುತ್ತದೆ. ಅದನ್ನು ಕಿತ್ತು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಗೊಬ್ಬರ ಬೇಡ, ಅದರೊಂದಿಗೆ ಕಳೆಬೀಜವೂ ಬರುತ್ತದೆ. ಕಟ್ಟಡದಿಂದ ಹೊರಕ್ಕೆ ತುಸು ಇಳಿಜಾರಿರುವಂತೆ ಮಟ್ಟಮಾಡಿ, ನೀರು ಹಾಯಿಸಿದಾಗ ಕುಸಿದ ಕಡೆ ಮಣ್ಣು ತುಂಬಬೇಕು.

ನಮ್ಮ ಕಡೆಗೆ ಗರಿಕೆಯೇ ಸಲೀಸು. ಎರಡು ಮೂರು ಗೆಣ್ಣುಗಳಿರುವ ತುಂಡುಗಳನ್ನು 8–10 ಸೆಂ.ಮೀ. ಅಂತರದಲ್ಲಿ, ತುದಿ ಹೊರಗಿರುವಂತೆ ಊರಬೇಕು. ಗರಿಕೆಗೆ ಬಿಸಿಲು ಬೇಕು. ಮರದ ದಟ್ಟ ನೆರಳಿನಲ್ಲಿ ಅದು ಹಬ್ಬುವುದಿಲ್ಲ. ಚಿಗುರುವ ತನಕ ದಿನವೂ ಹಗುರವಾಗಿ ನೀರು. ಆಮೇಲೆ ದಿನ ಬಿಟ್ಟು, ಆದರೆ ಆಳಕ್ಕೆ ಇಳಿಯುವಷ್ಟು. ಇದರಿಂದ ಬೇರೂ ಆಳಕ್ಕೆ ಹೋಗುತ್ತದೆ. ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಆಹಾರ ತಯಾರಾಗುವುದು ಎಲೆಯಲ್ಲೇ ಅಲ್ಲವೆ?

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು ಎರಡು. ಒಂದು, ಒಂದು ಚದರ ಮೀಟರ್ ಜಾಗವನ್ನು ಹದಮಾಡದೆ ಬಿಟ್ಟು ಅಲ್ಲೂ ಗರಿಕೆ ನೆಡಿಸಿ, ಹೋಲಿಕೆಯಿಲ್ಲದೆ ಪ್ರಯೋಗವಿಲ್ಲ. ಎರಡು, ಮಕ್ಕಳು ದಿನವೂ ಅಡ್ಡ ಹಾಯುವ ದಾರಿಯನ್ನು ಗುರುತಿಸಿ ಅಲ್ಲಿ ಹುಲ್ಲಿನ ಬದಲು ಚಪ್ಪಡಿ ಹಾಸಿ. ‘ತುಳಿಯಬೇಡಿ’ ಎಂಬ ಫಲಕಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಆ ಹುಡುಗಿಯ ಪ್ರಶ್ನೆಯನ್ನು ‘ಆಮೇಲೆ ನೋಡೋಣ, ಕೂತ್ಕೋ’ ಎಂದು ಮುಗಿಸಿಬಿಡುವುದು ಸುಲಭವಿತ್ತು. ಮರುದಿನ ನಮ್ಮ ಪ್ರಶಿಕ್ಷಣಾರ್ಥಿ ಎರಡು ಪೈಪಿನ ತುಂಡು ಹಿಡಿದು ತರಗತಿಗೆ ಹೋದರು. ಸಮಯ ಬರೆದುಕೊಂಡವಳು ಅವಳೇ.